ಎಣಿಕೆಗಿಲ್ಲದ ಮೀನು

ಟೂಂ, ಟೀಂ. ಮೊದಲು ತಗ್ಗಿದ ದನಿ, ಹಿಂದೆಯೇ ಒಂದು ಏರಿದ ದನಿ. ಕಾರವಾರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿ ಹಳದಿಗಟ್ಟಿ ಕೂತಿದ್ದ ಒಂದು ಮಶೀನಿನ ಹೊಟ್ಟೆಯೊಳಗಿಂದ ಬರುತ್ತಿದ್ದ ಸದ್ದು ಅದು. ಬೇರೆಬೇರೆ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ತುಂಡುಗಳು ಸರಿಯಾಗಿ ಕೂಡಿಕೊಂಡರೆ ಹಾಗೆ ಎರಡು ಸದ್ದು ಬರಬೇಕು, ಕೂಡದಿದ್ದರೆ ಒಂದೇ ಉದ್ದನೆಯ ಗೂಂ ಎನ್ನಬೇಕು ಎಂದು ಲ್ಯಾಬ್ ನೋಡಿಕೊಳ್ಳುತ್ತಿದ್ದ ಮಾಸ್ತರರೇ ಅದಕ್ಕೆ ಕಲಿಸಿದ್ದರು. ಟೀಂ ಎಂದ ಕೂಡಲೇ "ಜಾಲೆಂ" ಎನ್ನುತ್ತಿದ್ದರು. ಆಯಿತು ಎನ್ನುವುದಕ್ಕೆ ನಮ್ಮ ಕಡೆಯ ಕೊಂಕಣಿ ಮಾತು. ಅದನ್ನು ಮಶೀನಿಗೆ ಹೇಳುತ್ತಿದ್ದರೋ ನನಗೋ, ಕೇಳಿದವಳಲ್ಲ.

ಈಗ ಮನೆಯಲ್ಲಿ ಮೈಕ್ರೋವೇವ್ ಸದ್ದು ಮಾಡಿದರೂ ನಾನು ಒಂದು ಕ್ಷಣ ಬೆಚ್ಚುತ್ತೇನೆ. ಎಪ್ಪತ್ತನಾಲ್ಕು ದಾಟಿದ ಮೇಲೆ ಹೀಗೆ ಬೆಚ್ಚುವುದಕ್ಕೆ ಡಾಕ್ಟರು ಬಿಪಿ ಎನ್ನುತ್ತಾರೆ. ನಾನು "ಯೆಸ್ ಡಾಕ್ಟರ್" ಎಂದು ಗುಳಿಗೆ ತೆಗೆದುಕೊಂಡು ಬರುತ್ತೇನೆ.

ಅವರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಹದಿನೈದು ದಿನದ ನಂತರ ಕಾಲೇಜಿನಲ್ಲಿ ಸಂತಾಪ ಸಭೆ. ಅವರು ಅಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದಾಗ ಆ ವಿಭಾಗಕ್ಕೆ ನಾನೇ ಮುಖ್ಯಸ್ಥೆ, ಹಾಗಾಗಿ ಮೊದಲು ಮಾತಾಡಲು ನನ್ನನ್ನೇ ಕರೆದರು. ಹತ್ತು ನಿಮಿಷ ಮಾತಾಡಿದೆ. ಡೆಡಿಕೇಶನ್, ಸಿಂಪ್ಲಿಸಿಟಿ, ಹ್ಯುಮಿಲಿಟಿ. ಕಾನ್ವೆಂಟಿನಲ್ಲಿ ಎಲೊಕ್ಯೂಶನ್‌ಗೆ, ಅಂದರೆ ಭಾಷಣ ಸ್ಪರ್ಧೆಗೆ, ಕಪ್ ಗೆದ್ದವಳು ನಾನು, ಎಲ್ಲಿ ದನಿ ತಗ್ಗಿಸಬೇಕೆಂದು ಗೊತ್ತು. ಮುಂದಿನ ಸಾಲಿನಲ್ಲಿ ಅವರ ಅಕ್ಕ ಕೋಲನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ಸಭೆ ಮುಗಿದ ಮೇಲೆ ಎದ್ದು ಬಂದು ನನ್ನ ಕೈ ಹಿಡಿದಳು.

"ಚಲೋ ಮಾತಾಡಿದ್ರಿ ಬಾಯೋರೆ. ನಮ್ ತಮ್ಮನ್ ಬಗ್ಗೆ ಇಷ್ಟೆಲ್ಲ ಗೊತ್ತಿತ್ತಾ ನಿಮಗೆ?"

ಗೊತ್ತಿತ್ತು. ಆದರೆ ಗೊತ್ತಿದ್ದುದರಲ್ಲಿ ಮುಖ್ಯವಾದದ್ದನ್ನು ಬಿಟ್ಟು ಉಳಿದುದನ್ನೆಲ್ಲ ಹೇಳಿದ್ದೆ. ಬಿಟ್ಟದ್ದನ್ನು ಬರೆಯಲು ಕೂತಿದ್ದೇನೆ.

ಅವರು ಅಂಕೋಲೆಯ ಕೇಣಿಯವರು. ತಂದೆ ಬಲೆ ಬೀಸುತ್ತಿದ್ದರು, ತಾಯಿ ಬುಟ್ಟಿ ಹೊತ್ತು ಮಾರುತ್ತಿದ್ದರು. ಆಳು ಕುಳ್ಳು, ಅಂಗೈ ಮಾತ್ರ ಎರಡು ಆಳಿನಷ್ಟು ಅಗಲ. ಆ ಬೆರಳುಗಳು ಕೀಬೋರ್ಡಿನ ಮೇಲೆ ಒಂದೊಂದು ಸಲಕ್ಕೆ ಎರಡೆರಡು ಕೀಲಿ ಒತ್ತುತ್ತಿದ್ದವು. ಹಾಗಾಗಿ ತೋರುಬೆರಳುಗಳಿಂದ ಮಾತ್ರ ಟೈಪ್ ಮಾಡುತ್ತಿದ್ದರು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಬರುತ್ತಿದ್ದವರು ಅವರೊಬ್ಬರೇ. ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಕಮಾಂಡ್ ಕೊಡುವ ಮೊದಲು ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ದೋಣಿ ನೀರಿಗೆ ನೂಕುವ ಮುನ್ನ ಅದರ ಪಕ್ಕೆಗೆ ಕೈ ಇಡುವ ಹಾಗೆ ಸಿಪಿಯು ಡಬ್ಬಿಯ ಮೇಲೆ ಒಂದು ಕೈ ಇಟ್ಟು, ಮೆಲ್ಲಗೆ "ಹೋಯ್" ಎಂದು ಎಂಟರ್ ಒತ್ತುತ್ತಿದ್ದರು. ಹುಡುಗರು ಅವರಿಗೆ ಲಿಂಕ್ ಮಾಸ್ತರ್ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವರು ನಕ್ಕಿದ್ದರು.

ಆ ಹಳೆಯ ಮಶೀನಿನ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ದಿನಾ ಬೆಳಿಗ್ಗೆ ಸ್ವಿಚ್ ಹಾಕಿದರೆ ಪರದೆಯ ಮೇಲೆ ಅದೇ ತಾರೀಕು, ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು. ನಾನು ಲ್ಯಾಬಿಗೆ ಕಾಲಿಟ್ಟ ಕೂಡಲೇ ಅವರು ಎದ್ದು ನಿಂತು, "ಹ್ಯಾಪಿ ನ್ಯೂ ಇಯರ್ ಮೇಡಂ" ಎನ್ನುತ್ತಿದ್ದರು. ವರ್ಷದ ಇನ್ನೂರು ದಿನ ಅದೇ ಜೋಕು. ಮೊದಮೊದಲು ನಾನು ನಗುತ್ತಿದ್ದೆ, ಆಮೇಲೆ ತಲೆ ಆಡಿಸುತ್ತಿದ್ದೆ, ಕೊನೆಕೊನೆಗೆ ಅದು ಕೇಳದೆ ದಿನ ಶುರುವಾಗುತ್ತಿರಲಿಲ್ಲ.

ಉಳಿದ ಮೇಜುಗಳ ಮೇಲೆಲ್ಲ ಹೊಸ ಮಶೀನುಗಳಿದ್ದವು. ಹೊಸದಾಗಿ ಸೇರಿದ ಲೆಕ್ಚರರ್‌ಗಳು ಈ ಮೂಲೆಗೆ ಮ್ಯೂಸಿಯಂ ಎನ್ನುತ್ತಿದ್ದರು. ಇವರು ಮಾತ್ರ ಅಲ್ಲಿಂದ ಕದಲಲಿಲ್ಲ. ಕಾರಣ ಆ ಮಶೀನಿನಲ್ಲಿ ಫ್ಲಾಪಿ ಹಾಕಿ ನಡೆಸುತ್ತಿದ್ದ ಮೂರು ಕಂಪೈಲರ್‌ಗಳು. ಮನುಷ್ಯರು ಬರೆದ ಪ್ರೋಗ್ರಾಮನ್ನು ಮಶೀನಿಗೆ ತಿಳಿಯುವ ಹಾಗೆ ಮಾಡಿಕೊಡುವುದೇ ಕಂಪೈಲರ್. ಈ ಮೂರೂ ಒಂದೇ ಕಾಲದವು, ಲೋಕವೆಲ್ಲ ಅವನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಹೊಸದು ಬೇಡ ಅಂತಲ್ಲ ಮೇಡಂ," ಎಂದಿದ್ದರು ಒಮ್ಮೆ. "ಈ ಮೂರೂ ಒಂದೇ ಒಲೇಲಿ ಬೆಂದವು. ಒಂದರ ಮಾತು ಒಂದು ಕೇಳ್ತವೆ. ಹೊಸವು ಹಂಗಲ್ಲ, ಅವಕ್ಕೆ ಇವುಗಳ ಪರಿಚಯವೇ ಇಲ್ಲ."

ಅವರು ಮಾಡುತ್ತಿದ್ದುದು ನೀರಿನ ಹೊತ್ತಿನ ಪಟ್ಟಿ. ಸಮುದ್ರದ ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಮ್ಮಲ್ಲಿ ಏರಿಗೆ ಭರತಿ, ಇಳಿತಕ್ಕೆ ಸುಕ್ತಿ ಎನ್ನುತ್ತಾರೆ. ಆಯಾ ತಿಂಗಳಿನ ಪ್ರತಿ ದಿನದ ಭರತಿ ಸುಕ್ತಿಯ ಹೊತ್ತನ್ನು ಕನ್ನಡದ ಅಂಕಿಯಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸಿ, ಸದಾಶಿವಗಡ, ಕದ್ವಾಡ, ಕೇಣಿಗಳ ಚಾದಂಗಡಿಯಲ್ಲೂ ಬಲೆ ಇಡುವ ಮಾಡಿನಲ್ಲೂ ತಾವೇ ಹೋಗಿ ತೂಗುಹಾಕಿ ಬರುತ್ತಿದ್ದರು. ಈಗ ಮೊಬೈಲ್ ಒತ್ತಿದರೆ ಎಲ್ಲವೂ ಬರುತ್ತದೆ. ಆಗ ಅವರ ಕಾಗದವೇ ಇದ್ದದ್ದು. ಹಿರಿಯರು ಚಂದ್ರನನ್ನು ನೋಡಿ ಹೇಳುವವರು, ಮೊದಲು ನಕ್ಕರು. ತಿಂಗಳ ಮೇಲೆ ತಿಂಗಳು ಕಾಗದ ಸರಿ ಬಂತು. ಆಮೇಲೆ ಅವರೂ ತಿಥಿ ಲೆಕ್ಕ ಬಿಟ್ಟು ಕಾಗದದ ಕಡೆಗೆ ಒಮ್ಮೆ ಕಣ್ಣು ಹಾಯಿಸಿಯೇ ನೀರಿಗೆ ಇಳಿಯತೊಡಗಿದರು.

ಆ ಪ್ರೋಗ್ರಾಮಿನಲ್ಲಿ ಮೂವರ ಕೈ ಇತ್ತು. ನೀರಿನ ಲೆಕ್ಕ ಹಾಕುವ ಭಾಗ ಫೋರ್ಟ್ರಾನ್ ಭಾಷೆಯಲ್ಲಿ, ಬಂದರಿನ ಕೆಲಸಕ್ಕೆ ಎಂದೋ ಬಂದು ಹೋದ ಒಬ್ಬ ಇಂಜಿನಿಯರ್ ಬರೆದು ಬಿಟ್ಟದ್ದು. ಕನ್ನಡದ ಅಂಕಿಗಳನ್ನು ಚುಕ್ಕೆಚುಕ್ಕೆಯಾಗಿ ಪ್ರಿಂಟರಿಗೆ ಕಳಿಸುವ ಭಾಗ ಪ್ಯಾಸ್ಕಲ್‌ನಲ್ಲಿ, ನಮ್ಮಲ್ಲೇ ಓದಿದ ಒಬ್ಬ ಹುಡುಗಿ ಪ್ರಾಜೆಕ್ಟಿಗೆಂದು ಮಾಡಿದ್ದು. ಇವೆರಡರ ನಡುವೆ ನಿಂತು ದಿನಗಳನ್ನು ಸಾಲಾಗಿ ಜೋಡಿಸುವ ಭಾಗ ಸಿ ಭಾಷೆಯಲ್ಲಿ, ಅದು ಇವರದು.

"ಎಲ್ಲ ಒಂದೇ ಭಾಷೆಯಲ್ಲಿ ಹೊಸದಾಗಿ ಬರೆದುಬಿಡಿ. ಕ್ಲೀನ್ ಆಗುತ್ತದೆ," ಎಂದು ನಾನು ಹೇಳಿದ್ದೆ.

"ಬರೀಬಹುದು ಮೇಡಂ. ಆದ್ರೆ ಆ ಇಂಜಿನಿಯರ್ರು ಮತ್ತೆ ಬಂದ್ರೆ? ನನ್ನದು ಎಲ್ಲಿ ಅಂತ ಕೇಳಿದ್ರೆ ಎಂತ ತೋರ್ಸೂದು?"

ಆ ಇಂಜಿನಿಯರ್ ಬರುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಒಬ್ಬರು ಬರೆದದ್ದನ್ನು ಅಳಿಸುವುದು ಅವರಿಂದ ಆಗುತ್ತಿರಲಿಲ್ಲ. ಜೋಡಿಸುವುದು ಆಗುತ್ತಿತ್ತು, ಎಷ್ಟು ಕಷ್ಟವಾದರೂ. ಆ ಕಷ್ಟವನ್ನು ಅವರು ಹುಡುಗರಿಗೆ ಮೀನುಮಾರ್ಕೆಟ್ಟಿನ ಲೆಕ್ಕದಲ್ಲಿ ಹೇಳುತ್ತಿದ್ದರು. "ಸಿ ಹತ್ರ ಮೀನು ಕೇಳಿದ್ರೆ ಮೀನೇ ಕೈಗೆ ಕೊಡ್ತದೆ. ಫೋರ್ಟ್ರಾನ್ ಹತ್ರ ಕೇಳಿದ್ರೆ ಮೀನು ಇಟ್ಟ ಮನೆ ತೋರಿಸ್ತದೆ. ಈಗ ಸಿ ಕೈಯೊಡ್ಡಿ ನಿಂತದೆ, ಫೋರ್ಟ್ರಾನ್ ವಿಳಾಸ ಹೇಳ್ತಾ ಉಂಟು. ಎಂತಾ ಆಗ್ತದೆ?"

"ಜಗಳ ಆಗ್ತದೆ ಸರ್!"

"ಜಗಳ ಆದ್ರೆ ಅಡ್ಡಿಲ್ಲ ಮಾರಾಯಾ, ಗೊತ್ತಾಗ್ತದೆ. ಈ ಹಳೇ ಕಂಪೈಲರ್ ಜಗಳವೇ ಮಾಡೂದಿಲ್ಲ. ಮೀನಿನ ಬದ್ಲಿ ಮನೆ ನಂಬರ್ ಬೇಯಿಸ್ಕೊಂಡು ಉಂಡು ಸುಮ್ನೆ ಇರ್ತದೆ. ನೀನೇ ನೋಡ್ಕಬೇಕು."

ಇನ್ನೊಂದು ತೊಡಕು ಎಣಿಕೆಯದು. ಫೋರ್ಟ್ರಾನ್ ಒಂದರಿಂದ ಎಣಿಸುತ್ತದೆ, ಸಿ ಸೊನ್ನೆಯಿಂದ. ಒಂದು ಕಪಾಟಿನಲ್ಲಿ ಖಾನೆಗಳಿವೆ ಎಂದುಕೊಳ್ಳಿ. ಒಬ್ಬನು ಮೊದಲ ಖಾನೆಗೆ ಒಂದು ಎನ್ನುತ್ತಾನೆ, ಇನ್ನೊಬ್ಬನು ಸೊನ್ನೆ ಎನ್ನುತ್ತಾನೆ. ಇಬ್ಬರೂ ಒಂದೇ ಕಪಾಟಿಗೆ ಕೈ ಹಾಕಿದರೆ ಒಬ್ಬನಿಟ್ಟದ್ದು ಇನ್ನೊಬ್ಬನಿಗೆ ಪಕ್ಕದ ಖಾನೆಯಲ್ಲಿ ಸಿಗುತ್ತದೆ. ಇವರು ಅದಕ್ಕೆ ಮಾಡಿದ ಉಪಾಯ, ಕಪಾಟಿನ ಮೊದಲ ಖಾನೆಯನ್ನು ಖಾಲಿ ಬಿಟ್ಟು, ಅದರ ಮುಂದಿನದರಿಂದ ತುಂಬಲು ಫೋರ್ಟ್ರಾನ್‌ಗೆ ಹೇಳುವುದು. ಒಂದೇ ಒಂದು ಸಾಲು. ಆ ಸಾಲಿನ ಪಕ್ಕದಲ್ಲಿ, ಮಶೀನು ಓದದ ಟಿಪ್ಪಣಿಯಾಗಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು: ಅಮ್ಮನ ಮೀನು.

ಹಾಗೆಂದರೇನು ಎಂದು ಕೇಳಿದಾಗ ಅವರ ಮುಖ ಅರಳಿತು.

"ನಮ್ಮಮ್ಮ ಮೀನು ಎಣಿಸುವಾಗ ಮೊದಲ್ನೇದು ಎಣಿಸೂದಿಲ್ಲ ಮೇಡಂ. ಅದನ್ನ ತೆಗೆದು ಬದಿಗಿಟ್ಟು 'ಇದು ಸಮುದ್ರದ್ದು' ಅಂತಾಳೆ. ಆಮೇಲೆ ಒಂದು, ಎರಡು, ಮೂರು. ಬದಿಗಿಟ್ಟದ್ದನ್ನ ವಾಪಸ್ ನೀರಿಗೆ ಹಾಕಿ ಬರೂದು. ನಮ್ಮನೇಲಿ ಈಗ್ಲೂ ಹಂಗೇ. ಸಿ ಕಲಿವಾಗ ಎಲ್ಲರೂ ಸೊನ್ನೆಯಿಂದ ಎಂತಕ್ಕೆ ಶುರು ಅಂತ ತಲೆ ಕೆರ್ಕೊಂಡ್ರು. ನಂಗೆ ಕಷ್ಟವೇ ಆಗಲಿಲ್ಲ. ಸಿ ಬರೆದವನ ಅಮ್ಮನೂ ಮೀನು ಮಾರುವವಳೇ ಇರ್ಬೇಕು."

ನಾನು ನಕ್ಕೆ. ನಕ್ಕು, "ಕಮೆಂಟುಗಳನ್ನು ಸರಿಯಾದ ಇಂಗ್ಲಿಷಿನಲ್ಲಿ ಬರೆಯಿರಿ, ಪ್ಲೀಸ್," ಎಂದೆ. ಜೊತೆಗೆ ಎಂದಿನ ಮಾತು: "ಸಾಲಿನ ಮುಂದೆ ಮಾರ್ಜಿನ್ ಬಿಡಿ." ನಮ್ಮ ಕಾನ್ವೆಂಟಿನ ಗಣಿತದ ಸಿಸ್ಟರ್ ಮಾರ್ಜಿನ್ ಬಿಡದ ಪುಟವನ್ನು ನೋಡದೆಯೇ ಹರಿದುಹಾಕುವವರು. ನನ್ನ ಕೈಗೆ ಅದು ಎಷ್ಟು ಅಂಟಿತ್ತೆಂದರೆ ಕೀಬೋರ್ಡಿನಲ್ಲೂ ನಾಲ್ಕು ಸ್ಪೇಸ್ ಒತ್ತದೆ ಯಾವ ಸಾಲನ್ನೂ ಶುರು ಮಾಡಿದವಳಲ್ಲ. ಇವರದು ಅದಕ್ಕೆ ಉಲ್ಟಾ. ಎಲ್ಲ ಸಾಲೂ ಎಡಗೋಡೆಗೆ ಒರಗಿ ನಿಂತಿರಬೇಕು. "ಜಾಗ ಎಂತಕ್ಕೆ ಪೋಲು?" ಎನ್ನುತ್ತಿದ್ದರು.

ಒಮ್ಮೆ ಅವರಿಗೆ ಲ್ಯಾಬಿನಲ್ಲಿ ಊಟದ ಡಬ್ಬಿ ತೆರೆಯಬಾರದೆಂದೂ ಹೇಳಿದ್ದೆ. ಒಣಮೀನಿನ ವಾಸನೆ ಬರುತ್ತದೆ, ವಿಸಿಟರ್ಸ್ ಬರುತ್ತಾರೆ ಎಂದು. ನಮ್ಮ ಮನೆಯಲ್ಲೂ ವಾರಕ್ಕೆ ನಾಲ್ಕು ದಿನ ಮೀನೇ. ಮರುದಿನದಿಂದ ಅವರು ಹೊರಗಿನ ಮೆಟ್ಟಿಲ ಮೇಲೆ ಕೂತು ಉಣ್ಣತೊಡಗಿದರು. ಅದನ್ನು ಇಲ್ಲಿ ಬರೆಯುತ್ತಿರುವುದು ನಾನು ಎಂಥವಳಾಗಿದ್ದೆ ಎಂದು ತಿಳಿಯಲಿ ಎಂದು.

ನನ್ನ ನಿವೃತ್ತಿಗೆ ಕೆಲವು ತಿಂಗಳಿದ್ದಾಗ ಕಾಲೇಜಿಗೆ ಒಂದು ಪರಿಶೀಲನಾ ಕಮಿಟಿ ಬರುವುದಿತ್ತು. ನಮ್ಮ ವಿಭಾಗದಲ್ಲಿ ತೋರಿಸಲು ಇದ್ದದ್ದು ಇದೊಂದೇ, ನೀರಿನ ಪಟ್ಟಿ. ಪ್ರೋಗ್ರಾಮಿನ ಪ್ರತಿಯನ್ನು ಫೈಲಿಗೆ ಹಾಕಲು ಒಂದು ಶನಿವಾರ ಮಧ್ಯಾಹ್ನ ನಾನೇ ಆ ಮಶೀನಿನ ಮುಂದೆ ಕೂತೆ. ಅವರು ಊರಿಗೆ ಹೋಗಿದ್ದರು. ಓದುತ್ತಾ ಹೋದ ಹಾಗೆ ಅಲ್ಲಿ ಇಲ್ಲಿ ಅವರ ತಮಾಷೆಯ ಮಾತುಗಳು. ಒಂದೊಂದಾಗಿ ತೆಗೆದೆ. ಅಮ್ಮನ ಮೀನಿಗೆ ಬಂದಾಗ, ಕಮಿಟಿಯವರು ಇದನ್ನು ಓದಿ ನಗುತ್ತಾರೆ, ಸೆಂಟಿಮೆಂಟಲ್ ನಾನ್ಸೆನ್ಸ್ ಎನ್ನುತ್ತಾರೆ ಎನಿಸಿತು. ಪಕ್ಕದ ಮಾತನ್ನಷ್ಟೇ ತೆಗೆಯಬಹುದಿತ್ತು. ಆತುರದಲ್ಲಿ ಸಾಲನ್ನೇ ತೆಗೆದೆ. ಧಾರವಾಡದಲ್ಲಿ ಎಂಎಸ್ಸಿ ಮಾಡುವಾಗ ಫೋರ್ಟ್ರಾನ್ ಕಲಿತವಳು ನಾನು. ಅದು ಒಂದರಿಂದ ಎಣಿಸುತ್ತದೆಂದು ಆ ಕಾಲೇಜಿನಲ್ಲಿ ಯಾರಿಗಾದರೂ ಗೊತ್ತಿರಬೇಕಾದದ್ದು ನನಗೆ.

ಮತ್ತೆ ಮೂರನ್ನೂ ಜೋಡಿಸಿದೆ. ಟೂಂ, ಟೀಂ. ಜಗಳವಿಲ್ಲ, ತಕರಾರಿಲ್ಲ. ಹಳೆಯ ಕಂಪೈಲರ್, ಏನು ಕೊಟ್ಟರೂ ಉಂಡು ಸುಮ್ಮನಿರುವುದು.

ಸೋಮವಾರ ಅವರು ಬಂದು ಎಂದಿನಂತೆ ಮುಂದಿನ ತಿಂಗಳ ಪಟ್ಟಿ ಮುದ್ರಿಸಿದರು. ಅಂಕಿಗಳು ಎಲ್ಲವೂ ಸಾಚಾ ಅಂಕಿಗಳೇ, ನೋಡಿದರೆ ಯಾರಿಗೂ ಸಂಶಯ ಬಾರದು. ಕಪಾಟಿನಲ್ಲಿದ್ದುದೆಲ್ಲ ಒಂದು ಖಾನೆ ಹಿಂದಕ್ಕೆ ಸರಿದಿತ್ತು, ಅಷ್ಟೆ. ಮೂರನೆಯ ತಾರೀಕಿನ ಎದುರು ನಾಲ್ಕನೆಯ ತಾರೀಕಿನ ನೀರು, ನಾಲ್ಕರ ಎದುರು ಐದರದು. ನೀರು ದಿನದಿಂದ ದಿನಕ್ಕೆ ಮುಕ್ಕಾಲು ತಾಸಿನಷ್ಟು ತಡವಾಗುತ್ತಾ ಹೋಗುತ್ತದೆ. ಅಂದರೆ ಕಾಗದದಲ್ಲಿ ಬರೆದ ಹೊತ್ತಿಗಿಂತ ಮುಕ್ಕಾಲು ತಾಸು ಮೊದಲೇ ಸಮುದ್ರ ತಿರುಗಿಬಿಡುತ್ತಿತ್ತು. ನಾಳೆಯ ನೀರನ್ನು ಇವತ್ತಿನದೆಂದು ಹೇಳುವ ಕಾಗದವನ್ನು ಅವರು ಬಸ್ಸು ಹತ್ತಿ ಊರೂರಿಗೆ ಹೋಗಿ ತೂಗುಹಾಕಿ ಬಂದರು.

ಅವರ ಅಕ್ಕನನ್ನು ಕದ್ವಾಡಕ್ಕೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಕಾಳಿ ನದಿಯ ನಡುವಿನ ಮರಳುದಿಣ್ಣೆಯಲ್ಲಿ ಬೆಳಚು ಎಂಬ ಚಿಪ್ಪನ್ನು ಹೆಕ್ಕಿ ಮಾರುತ್ತಿದ್ದಳು. ಸುಕ್ತಿಯಲ್ಲಿ ದಿಣ್ಣೆ ಎದ್ದು ಕಾಣುತ್ತದೆ, ಭರತಿಯಲ್ಲಿ ಮುಳುಗುತ್ತದೆ. ತಮ್ಮನನ್ನು ಓದಿಸಿದ್ದು ಅದೇ ಬೆಳಚು. ಅಂಕಿ ಓದುವುದನ್ನು ಅವಳಿಗೆ ಕಲಿಸಿದ್ದು ತಮ್ಮ. ಊರಿಗೆಲ್ಲ ಅವಳು ತಮ್ಮನ ಕಾಗದದ ಜಾಹೀರಾತು.

ಆ ತಿಂಗಳ ನಾಲ್ಕನೆಯ ದಿನ ನಾಲ್ಕು ಜನ ಹೆಂಗಸರು ದಿಣ್ಣೆಯಲ್ಲಿದ್ದರು. ಅವರಲ್ಲೇ ವಯಸ್ಸಾದವಳು ಕಾಲ ಬಳಿಯ ನೀರು ನೋಡಿ, "ನೀರು ತಿರುಗ್ತಾ ಉಂಟು, ಏಳಿ," ಎಂದಳಂತೆ.

"ಇಲ್ಲ ದೊಡ್ಡಮ್ಮಾ. ಇನ್ನೂ ಅರ್ಧ ತಾಸು ಇಳಿತದೆ. ನಾ ಬರುವಾಗ ಕಾಗದ ನೋಡೇ ಬಂದೆ."

"ಕಾಗದ ನೋಡಿ ಬಂದ್ಯಾ, ನೀರು ನೋಡಿ ಬಂದ್ಯಾ?"

"ನನ್ನ ತಮ್ಮ ಇವತ್ತಿನ ತನಕ ಒಂದು ನಿಮಿಷ ತಪ್ಪಿದ್ದುಂಟಾ?"

ಆ ಮಾತಿಗೆ ಉಳಿದ ಮೂವರೂ ಮತ್ತೆ ಬಗ್ಗಿದರು. ದೋಣಿಯವನೊಬ್ಬ ದೂರದಿಂದ ಕೂಗಿಕೊಂಡು ಬಂದಾಗ ನೀರು ಸೊಂಟಕ್ಕಿತ್ತು. ಮೂವರನ್ನು ಹತ್ತಿಸಿದ. ಕೊನೆಗೆ ನಿಂತ ಅಕ್ಕ ಸೆಳವಿಗೆ ಸಿಕ್ಕು, ಕಲ್ವ ಎಂಬ ಹರಿತ ಚಿಪ್ಪು ಅಂಟಿದ ಬಂಡೆಯ ಮೇಲೆ ಬಿದ್ದಳು. ಜೀವ ಉಳಿಯಿತು. ಎಡಗಾಲಿನ ಹಿಮ್ಮಡಿಯ ನರ ತುಂಡಾಗಿತ್ತು.

ಸುದ್ದಿ ಬಂದ ದಿನ ಅವರು ಆಸ್ಪತ್ರೆಯಲ್ಲಿದ್ದರು, ನಾನು ಲ್ಯಾಬಿನಲ್ಲಿ. ಪಟ್ಟಿ ತಪ್ಪಿತ್ತಂತೆ ಎಂದು ಪ್ಯೂನ್ ಹೇಳಿದ. ನಾನು ಆ ಮಶೀನಿನ ಮುಂದೆ ಕೂತೆ. ಕಾರಣ ಹುಡುಕಲು ಐದು ನಿಮಿಷ ಕೂಡ ಬೇಕಾಗಲಿಲ್ಲ. ಅಳಿಸಿದ ಸಾಲನ್ನು ಮತ್ತೆ ಟೈಪ್ ಮಾಡಿದೆ, ಪಕ್ಕದ ಅಮ್ಮನ ಮೀನನ್ನೂ ಬಿಡದೆ. ಮೂರನ್ನೂ ಜೋಡಿಸಿದೆ. ಟೂಂ, ಟೀಂ. ಬಾಗಿಲ ಚಿಲಕ ಹಾಕಿಕೊಂಡು ಹೋಗಿ ಸ್ಟಾಫ್ ರೂಮಿನಲ್ಲಿ ಎಲ್ಲರೊಂದಿಗೆ "ಪೂರ್ ಥಿಂಗ್" ಎಂದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಕಮಿಟಿ ಬರುವುದಿತ್ತು, ನಿವೃತ್ತಿ ಹತ್ತಿರವಿತ್ತು, ಇವೆಲ್ಲ ಕಾರಣಗಳು ಹೌದು. ನಿಜವಾದ ಕಾರಣ ಇನ್ನೂ ಸಣ್ಣದು. ಮೆಟ್ಟಿಲ ಮೇಲೆ ಕೂತು ಉಣ್ಣುವವರ ಎದುರು ನಿಂತು ತಪ್ಪಾಯಿತು ಎನ್ನುವುದು ನನ್ನಿಂದ ಆಗಲಿಲ್ಲ.

ವಾರ ಕಳೆದು ಬಂದರು. ಹ್ಯಾಪಿ ನ್ಯೂ ಇಯರ್ ಎನ್ನಲಿಲ್ಲ. ಸದಾಶಿವಗಡದ ಚಾದಂಗಡಿಯವನು ಹರಿದು ಬಿಸಾಡಿದ್ದ ಕಾಗದವನ್ನು ಅಂಟಿಸಿ ತಂದಿದ್ದರು. ಅದನ್ನು ಹೆಕ್ಕಿಕೊಳ್ಳುವಾಗ ಅಂಗಡಿಯವನು, "ಮಾಸ್ತರೇ, ನಿಮ್ಮ ಕಂಪ್ಯೂಟರಿಗೆ ಸಮುದ್ರ ಯಾವ ದಿಕ್ಕಿಗೆ ಉಂಟು ಅಂತಾದ್ರೂ ಗೊತ್ತುಂಟಾ?" ಎಂದು ಕೇಳಿದನಂತೆ, ತುಂಬಿದ ಅಂಗಡಿಯಲ್ಲಿ. ಮಶೀನ್ ಹಾಕಿ ಅದೇ ತಿಂಗಳ ಪಟ್ಟಿಯನ್ನು ಮತ್ತೆ ಮುದ್ರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತರು.

"ಈಗ ಸರಿ ಬರ್ತಾ ಉಂಟು ಮೇಡಂ."

ನಾನು ಹಾಜರಿ ಪುಸ್ತಕ ತೆರೆದೆ.

"ಆಗ ಎಂತಕ್ಕೆ ತಪ್ಪು ಬಂತು?"

"ಓಲ್ಡ್ ಮಶೀನ್," ಎಂದೆ. "ದೀಸ್ ಥಿಂಗ್ಸ್ ಹ್ಯಾಪನ್."

"ಮಶೀನು ಹಳೇದು ಹೌದು. ಸುಳ್ಳು ಹೇಳೂದಿಲ್ಲ," ಎಂದರು. ಪರದೆಯ ಕಡೆಗೆ ತಿರುಗಿ ಪ್ರೋಗ್ರಾಮನ್ನು ಸಾಲುಸಾಲಾಗಿ ಮೇಲಿಂದ ಕೆಳಕ್ಕೆ ಓದಿದರು. ಒಂದು ಕಡೆ ಬೆರಳು ನಿಂತಿತು. ನಾನು ಕ್ಲಾಸಿದೆ ಎಂದು ಎದ್ದು ಹೋದೆ. ಮರುದಿನ ನೋಡಿದರೆ ಮೂರು ಕಂಪೈಲರ್‌ಗಳ ಫ್ಲಾಪಿಗಳೂ ಅಲ್ಲಿರಲಿಲ್ಲ. ಅವರು ಮನೆಗೆ ಒಯ್ದಿದ್ದರು. ಮಶೀನಿಗೆ ಬಟ್ಟೆ ಹೊದೆಸಿದ್ದರು. ಆಮೇಲೆ ಒಂದು ಪಟ್ಟಿಯನ್ನೂ ಅವರು ಮಾಡಲಿಲ್ಲ. ಕಮಿಟಿಯವರು ಬಂದು, ಫೈಲು ತಿರುವಿ, "ವೆರಿ ನೀಟ್" ಎಂದು ನನ್ನ ಕೈ ಕುಲುಕಿ ಹೋದರು.

ಅವರು ನಿವೃತ್ತರಾದ ಮೇಲೆ ಅಕ್ಕನನ್ನು ಕದ್ವಾಡದಿಂದ ಕೇಣಿಗೆ ಕರೆತಂದು ಜೊತೆಗೆ ಇಟ್ಟುಕೊಂಡಿದ್ದಾರೆಂದು ಕೇಳಿದ್ದೆ. ಹೋಗಬೇಕು, ಹೇಳಬೇಕು ಎಂದು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಬಸ್ಸಿನಲ್ಲಿ ಅಂಕೋಲೆಗೆ ಹೋಗಿ ಅಲ್ಲಿಂದ ಆಟೋ ಮಾಡಿಕೊಂಡು ಹೋದೆ. ಬಸ್ಸಿನಲ್ಲಿ ಹೇಳಬೇಕಾದ ಮಾತುಗಳನ್ನು ಎಲೊಕ್ಯೂಶನ್ ಹುಡುಗಿಯ ಹಾಗೆ ಉರುಹೊಡೆದಿದ್ದೆ.

ಮರಳಿನ ಮೇಲೆ ಚಪ್ಪರದ ಕೆಳಗೆ ಅವರು ಮೀನಿನ ಬುಟ್ಟಿಯ ಮುಂದೆ ಕೂತಿದ್ದರು. ಸೊರಗಿದ್ದರು, ಅಂಗೈ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ ಏಳಲು ಹೋದರು, ನಾನು ಬೇಡವೆಂದೆ. ಅಕ್ಕ ಒಳಗಿನಿಂದ ಕುಂಟುತ್ತಾ ಬಂದು ಮಣೆ ಕೊಟ್ಟಳು.

"ಬಾಯೋರು ಬಂದಾರೆ, ಬಂಗ್ಡೆ ಕೊಡಾ ತಮ್ಮಾ. ಚಲೋದು ನೋಡಿ ಹಾಕು. ಡಜನ್ ಹಾಕು."

ಅವರು ಬುಟ್ಟಿಯಿಂದ ಮೊದಲ ಮೀನನ್ನು ತೆಗೆದು ಎಲೆಯ ಮೇಲೆ ಬದಿಗಿಟ್ಟರು. ಆಮೇಲೆ ಒಂದು ಎಂದರು. ನನಗೆ ಉರುಹೊಡೆದದ್ದೆಲ್ಲ ಮರೆತುಹೋಯಿತು. ಅಕ್ಕ ಒಳಗೆ ಹೋದದ್ದನ್ನು ನೋಡಿ, "ಆ ಸಾಲು..." ಎಂದೆ.

"ಗೊತ್ತುಂಟು ಮೇಡಂ," ಎಂದರು, ಕೈ ನಿಲ್ಲಿಸದೆ. "ಎರಡು. ಅದರ ಮುಂದೆ ನಾಲ್ಕು ಸ್ಪೇಸ್ ಇತ್ತು. ನಾ ಬರೆದ ಭಾಗದಲ್ಲಿ ಅದೊಂದೇ ಸಾಲಿಗೆ ಮಾರ್ಜಿನ್. ಮೂರು."

"ಅವತ್ತೇ ಕೇಳಬಹುದಿತ್ತಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಸುಮಾರು ದಿನ ಕಾದೆ. ಆಮೇಲೆ ನಿಮ್ಮ ಸೆಂಡಾಫ್ ಆಯ್ತು." ಸ್ವಲ್ಪ ಹೊತ್ತು ಎಣಿಸಿದರು. "ಊರಲ್ಲಿ ನಾನೇ ತಪ್ಪಿದೆ ಅಂತಾರೆ. ಅದಕ್ಕೆ ಅಡ್ಡಿಲ್ಲ. ಅಕ್ಕ ಎಂತ ಅಂತಾಳೆ ಗೊತ್ತುಂಟಾ? ಕಾಗದ ಸರಿಯೇ ಇತ್ತು, ನಾನೇ ಅಂಕಿ ತಪ್ಪು ಓದಿದೆ ಅಂತಾಳೆ. ಮೂರು ಹೆಂಗಸ್ರನ್ನ ನೀರಲ್ಲಿ ನಿಲ್ಸಿದ್ದು ನಾನು ಅಂತಾಳೆ. ಆವತ್ತಿಂದ ಒಂದು ಅಂಕಿ ಓದ್ಲಿಲ್ಲ ಅವಳು. ಬಸ್ಸಿನ ನಂಬ್ರ ಸೈತ ಬೇರೆಯವ್ರ ಹತ್ರ ಕೇಳ್ತಾಳೆ."

"ನೀವು ಹೇಳಲಿಲ್ಲವೇ?"

"ಕಾಗದವೇ ತಪ್ಪಿತ್ತು ಅಂತ ಸುಮಾರು ಸಲ ಹೇಳ್ದೆ. ನನ್ನ ಸಮಾಧಾನಕ್ಕೆ ಹೇಳ್ತೀ ಅಂತಾಳೆ."

"ಐ ಆಮ್ ಸಾರಿ," ಎಂದೆ. ಬಾಯಿಗೆ ಬಂದದ್ದು ಅದೇ. "ಐ ಆಮ್ ಸೋ ಸಾರಿ."

ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಪ್ರೋಗ್ರಾಮಿನಲ್ಲಿ ತಪ್ಪಿದ ಹುಡುಗರಿಗೆ ಎಲ್ಲಿ ತಪ್ಪಿತೆಂದು ತೋರಿಸುವಾಗಿನ ಮುಖ.

"ನಂಗೆ ಬೇಡ ಮೇಡಂ. ಅಕ್ಕನಿಗೆ ಹೇಳಿ. ಅವಳಿಗೆ ಇಂಗ್ಲಿಷ್ ಬರೂದಿಲ್ಲ. ಕನ್ನಡದಲ್ಲಿ ಹೇಳಿ."

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಎಲೆಯ ಮೇಲಿದ್ದ ಮೀನನ್ನು ಎತ್ತಿಕೊಂಡು, "ಇದು ಹಾಕಿ ಬತ್ತೆ. ಕೂತಿರಿ ಬಾಯೋರೆ, ಚಾ ಇಟ್ಟಿದ್ದೆ," ಎಂದು ನೀರಿನ ಕಡೆಗೆ ಹೊರಟಳು. ಅಂದು ಸುಕ್ತಿ, ನೀರು ದೂರವಿತ್ತು. ಅವಳ ಎಡಗಾಲು ಮರಳಿನಲ್ಲಿ ಹೆಜ್ಜೆ ಊರುತ್ತಿರಲಿಲ್ಲ, ಗೆರೆ ಎಳೆಯುತ್ತಿತ್ತು. ಒಂದು ಹೆಜ್ಜೆ, ಒಂದು ಗೆರೆ. ನಾನು ಅದನ್ನೇ ನೋಡುತ್ತಾ ಕೂತೆ. ಅವಳು ಬಗ್ಗಿ ಮೀನನ್ನು ಅಲೆಗೆ ಬಿಟ್ಟು, ಕೈ ತೊಳೆದು, ಕಣ್ಣಿಗೆ ಒತ್ತಿಕೊಂಡು, ಹಿಂತಿರುಗಿದಳು. ಹಿಂತಿರುಗಿ ಬರಲು ಅವಳಿಗೆ ಬಹಳ ಹೊತ್ತು ಬೇಕಿತ್ತು. ಅಷ್ಟು ಹೊತ್ತೂ ನನಗಿತ್ತು.

ಇದನ್ನು ಯಾರಾದರೂ ಅವಳಿಗೆ ಓದಿ ಹೇಳಲಿ ಎಂದು ಬರೆಯುತ್ತಿಲ್ಲ. ಅದು ನನ್ನ ಕೆಲಸ, ನಾನೇ ಹೋಗಬೇಕು. ಅವಳ ಮನೆಗೆ ಹೋಗುವ ದಾರಿ ನನಗೆ ಗೊತ್ತಿದೆ. ಸಂತಾಪ ಸಭೆಯಲ್ಲಿ ಅವಳು ಕೈ ಹಿಡಿದಾಗಲೂ ಗೊತ್ತಿತ್ತು.

ಆ ದಿನ ನಾನು, "ಬಸ್ಸಿಗೆ ಹೊತ್ತಾಯಿತು," ಎಂದು ಎದ್ದೆ. ಅವರು ಎಣಿಸುವುದನ್ನು ನಿಲ್ಲಿಸಲಿಲ್ಲ. "ಹನ್ನೊಂದು," ಎಂದರು, "ಹನ್ನೆರಡು." ನಾನು ಮರಳಿನಲ್ಲಿ ಬಿರಬಿರನೆ ನಡೆದು ಆಟೋ ಹತ್ತಿದೆ. ಹತ್ತಿದ ಮೇಲೆ ತಿರುಗಿ ನೋಡಿದೆ. ಕಟ್ಟಿದ ಮೀನಿನ ಪೊಟ್ಟಣ ಹಿಡಿದು ಅವರು ಎದ್ದು ನಿಂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ಮರಳಿನಲ್ಲಿ ಗೆರೆ ಎಳೆಯುತ್ತಾ ಬರುತ್ತಿದ್ದ ಅಕ್ಕನ ಕಡೆಗೆ ನೋಡುತ್ತಿದ್ದರು, ಅವಳು ಬಂದು ಬಾಯೋರು ಎಲ್ಲಿ ಎಂದು ಕೇಳಿದರೆ ಏನು ಹೇಳುವುದೆಂದು ಯೋಚಿಸುವವರ ಹಾಗೆ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದು.